ಮುತ್ತಿನ ಗರ್ಭ

ಅವರ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸದಾ ನೀಲಿ ಪೆನ್ನಿನ ಬರಹವಿರುತ್ತಿತ್ತು. ದೂರದಿಂದ ನೋಡಿದವರಿಗೆ ಹಚ್ಚೆ ಹಾಕಿಸಿಕೊಂಡಂತೆ ಕಾಣುವುದು. ಹತ್ತಿರ ಹೋದರೆ ಹೆಸರುಗಳು, ಹೆಸರಿನ ಮುಂದೆ ತಾರೀಖುಗಳು. ಕೆಲವು ಹೊಸವು, ಕೆಲವು ಬೆವರಿಗೆ ಕಲಸಿಹೋದವು, ಕೆಲವು ಪಾತ್ರೆ ತೊಳೆಯುವಾಗ ಅರ್ಧ ಅಳಿಸಿದವು. ಮಸ್ಕಿಯ ನಮ್ಮ ಓಣಿಯಲ್ಲಿ ಯಾವ ಹೆಂಗಸಿಗೆ ಯಾವಾಗ ಮುಟ್ಟು ನಿಂತಿತು ಎಂಬುದು ಮೊದಲು ದಾಖಲಾಗುತ್ತಿದ್ದದ್ದು ಆ ಕೈಯ ಮೇಲೆ. ಸರ್ಕಾರದ ರಿಜಿಸ್ಟರಿಗೆ ಏರುತ್ತಿದ್ದದ್ದು ಆಮೇಲೆ.

ಅವರು ನಮ್ಮ ಓಣಿಯ ಅಂಗನವಾಡಿ ಟೀಚರ್. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನನಗೆ ಅ ಆ ಇ ಈ ತಿದ್ದಿಸಿದವರು ಅವರೇ. ನಾನು ಸಿಂಧನೂರಿನಲ್ಲಿ ಬಿ.ಎಸ್ಸಿ ಮುಗಿಸಿ ಮನೆಗೆ ಬಂದ ಮೇಲೆ, ಮೇಲಿನಿಂದ ಬರುವ ಇಂಗ್ಲಿಷ್ ಸುತ್ತೋಲೆಗಳನ್ನು ಓದಿ ಹೇಳುವ ಕೆಲಸ ನನಗೆ ವಹಿಸಿದವರೂ ಅವರೇ. ಅಂದಿನಿಂದ ನನ್ನ ಹೆಸರು ಹೋಗಿ ‘ಬಿ.ಎಸ್ಸಿ’ ಎಂದಾಯಿತು. “ಏ ಬಿ.ಎಸ್ಸಿ, ಬಾ ಇಲ್ಲಿ, ಇದರಾಗ ಏನ್ ಬೈದಾರ ನೋಡು” ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದರು. ಸುತ್ತೋಲೆ ಎಂದರೆ ಬೈಗುಳ ಎಂದೇ ಅವರ ತಿಳಿವಳಿಕೆ. ಬಹುಮಟ್ಟಿಗೆ ಅದು ನಿಜವೂ ಆಗಿತ್ತು.

ನಮ್ಮ ಕಡೆಯ ಹೆಂಗಸರು ಮುಟ್ಟಿನ ತಾರೀಖು ನೆನಪಿಡುವುದಿಲ್ಲ. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಗೆ ಕ್ಯಾಂಪು ಎನ್ನುತ್ತೇವೆ. ಭತ್ತದ ನಾಟಿಗೆ ನಮ್ಮ ಓಣಿಯವರು ಗುಂಪುಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. “ನಾಟಿ ಮುಗಿಸಿ ಕ್ಯಾಂಪಿನಿಂದ ಬಂದ್ವಲ್ರಿ ಟೀಚರ್, ಅದರ ಮುಂದಿನ ಸಂತಿ ದಿನ ಆಗಿತ್ತು. ಆಮ್ಯಾಲ ಇಲ್ಲ” ಎಂದು ಒಬ್ಬಳು ಹೇಳಿದರೆ, ಟೀಚರ್ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿ ತಾರೀಖು ಹೇಳಿಬಿಡುವರು. ಮುಂದೆ ಸ್ಕ್ಯಾನಿಂಗಿನಲ್ಲಿ ಬಂದ ಲೆಕ್ಕವೂ ಅದೇ ಇರುತ್ತಿತ್ತು, ಎರಡು ಮೂರು ದಿನ ಆಚೀಚೆ. “ಮಿಷನ್ನು ನನ್ನ ಕೇಳೇ ಹೇಳ್ತೈತಿ” ಎಂದು ನಗುವರು. ಹೊಸದಾಗಿ ಮದುವೆಯಾಗಿ ಬಂದವರಿಗೆಲ್ಲ ಅವರದೊಂದು ಕಟ್ಟಪ್ಪಣೆ ಇತ್ತು: “ದಿನ ತಪ್ಪಿದ್ರ ಮೊದಲು ನನಗ ಹೇಳ್ರಬೇ, ಆಮ್ಯಾಲ ಗಂಡಗ ಹೇಳ್ರಿ. ಗಂಡ ಬರಕೊಳ್ಳಂಗಿಲ್ಲ.”

ಅವರಿಗೆ ಮಕ್ಕಳಿರಲಿಲ್ಲ. ಮುದಗಲ್ಲಿನಿಂದ ಸೊಸೆಯಾಗಿ ಬಂದ ಮೊದಲ ಕೆಲವು ವರ್ಷಗಳಲ್ಲಿ ಮೂರು ಸಲ ಬಸಿರಾಗಿ, ಮೂರೂ ಸಲ ಎರಡು ಮೂರು ತಿಂಗಳಿಗೇ ಹೋಗಿತ್ತಂತೆ. ಆಮೇಲೆ ಏನೂ ಆಗಲಿಲ್ಲ. “ನಮ್ಮ ಸೊಸಿ ಹೊಟ್ಟ್ಯಾಗ ನಿಂದರಂಗಿಲ್ಲ” ಎಂದು ಅವರ ಅತ್ತೆ ಹೇಳುತ್ತಿದ್ದದ್ದು, ಎಕ್ಸ್‌ಪ್ರೆಸ್ ಬಸ್ಸು ನಮ್ಮೂರಿಗೆ ನಿಲ್ಲುವುದಿಲ್ಲ ಎನ್ನುವ ಧಾಟಿಯಲ್ಲಿ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮುಗಿದು ಬಹಳ ವರ್ಷವಾಗಿತ್ತು.

ಓಣಿಯಲ್ಲಿ ಯಾರದಾದರೂ ಕುಬುಸವಾದರೆ, ಅಂದರೆ ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯವಾದರೆ, ಟೀಚರ್ ಹೋಗುತ್ತಿದ್ದರು. ಬಳೆ ಏರಿಸುವ ಹೊತ್ತಿಗೆ ಮಾತ್ರ ತಾವಾಗಿಯೇ ಎದ್ದು “ಒಲಿ ಮ್ಯಾಲ ಹಾಲು ಇಟ್ಟೀನಿ” ಎಂದು ಹೊರಬರುತ್ತಿದ್ದರು. ಆದರೆ ಅಂಗನವಾಡಿಯಲ್ಲಿಯೇ ಇಲಾಖೆಯವರು ಕುಬುಸ ಮಾಡಿಸುವಾಗ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ, ಬಳೆ ತೊಡಿಸಬೇಕಾದವರೇ ಅವರು. ಒಮ್ಮೆ ಒಬ್ಬ ಅತ್ತೆ ತನ್ನ ಸೊಸೆಯ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡದ್ದನ್ನು ನಾನೇ ನೋಡಿದೆ. ಟೀಚರ್ ಒಂದು ಕ್ಷಣವೂ ತಡೆಯದೆ ಬಳೆಗಳನ್ನು ಆ ಅತ್ತೆಯ ಕೈಗೇ ಕೊಟ್ಟರು. ಮನೆಗೆ ಬರುವಾಗ ನಾನು ಕೆಂಡವಾಗಿದ್ದೆ.

“ನೀವು ಸುಮ್ನ ಇರ್ತೀರಲ್ರಿ ಟೀಚರ್” ಎಂದೆ.

“ಬಳಿ ಅಕಿ ಕೈಗೆ ಏರಿದ್ವೋ ಇಲ್ಲೋ? ಯಾರ್ ಏರಿಸಿದ್ರ ಏನಬೇ” ಎಂದರು. “ಸೂಜಿ ತಪ್ಪಿಸಲಿ, ಕಬ್ಬಿಣದ ಗುಳಿಗಿ ಒಗೀಲಿ, ಆವಾಗ ತೋರಿಸ್ತೀನಿ ನನ್ನ ಕೈ ಏನಂತ.”

ಅವರಿಗೆ ನಲವತ್ತಮೂರು ತುಂಬಿತ್ತು. ಒಂದು ಮಧ್ಯಾಹ್ನ ಸುತ್ತೋಲೆಯೊಂದನ್ನು ಓದಿ ಹೇಳಲು ಹೋಗಿದ್ದಾಗ, ಕೈಯ ಮೇಲಿನ ತಾರೀಖುಗಳನ್ನು ರಿಜಿಸ್ಟರಿಗೆ ಇಳಿಸಲು ನನ್ನ ಮುಂದೆ ಕೈ ಚಾಚಿದರು. ನಾನು ಓದುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ಕೊನೆಯಲ್ಲಿ, ಮೊಣಕೈಯ ಹತ್ತಿರ, ಸೆರಗಿನ ಕೆಳಗೆ ಒಂದು ತಾರೀಖು ಮಾತ್ರ ಇತ್ತು.

“ಇದು ಯಾರದ್ರಿ? ಹೆಸರ ಇಲ್ಲ.”

“ಇರ್ಲಿ ಬಿಡು. ಅದನ್ನ ಓದಬ್ಯಾಡ.”

ನಾನು ಅವರ ಮುಖ ನೋಡಿದೆ. ಅವರು ಪೆನ್ನಿನ ಟೊಪ್ಪಿಗೆ ಹಾಕುತ್ತಿದ್ದರು, ಹಾಕಿದ್ದನ್ನು ತೆಗೆದು ಮತ್ತೆ ಹಾಕುತ್ತಿದ್ದರು.

“ಎರಡು ತಿಂಗಳಾತು” ಎಂದರು. “ನಾ ಮೊದಲು ಮುಟ್ಟು ನಿಲ್ಲೋ ವಯಸ್ಸು ಅಂದ್ಕೊಂಡೆ. ನಿನ್ನಿ ಕಿಟ್ಟಿನ್ಯಾಗ ನೋಡೀನಿ. ಯಾರಿಗೂ ಹೇಳಬ್ಯಾಡ, ನಿನ್ನ ಪಾದ ಹಿಡಿತೀನಿ.” ಆಮೇಲೆ ತಮಗೇ ನಗು ಬಂದು, “ನೋಡು, ನಾನೂ ಗಂಡಗ ಹೇಳಿಲ್ಲ. ರೂಲು ಅಂದ್ರ ರೂಲು” ಎಂದರು.

ಯಾರಿಗೂ ಹೇಳದೆ ಉಳಿಯುವ ಹಾಗಿರಲಿಲ್ಲ. ಮುಂದಿನ ಮೂರು ವಾರದಲ್ಲಿ ಅವರಿಗೆ ಹಿಡಿದಂಥ ವಾಂತಿ ನಾನು ಹಿಂದೆಂದೂ ಕಂಡು ಕೇಳಿದ್ದಲ್ಲ. ನೀರೂ ನಿಲ್ಲುತ್ತಿರಲಿಲ್ಲ. ಹೊಟ್ಟೆ ಮಾತ್ರ ಅವರದೇ ಲೆಕ್ಕಕ್ಕೆ ಸಿಗದ ಹಾಗೆ ಬೆಳೆಯುತ್ತಿತ್ತು. ಮೂರು ತಿಂಗಳಿಗೆ ಐದು ತಿಂಗಳಿನಷ್ಟು ಕಾಣತೊಡಗಿತು. ಅತ್ತೆಗೆ ಇದೊಂದು ಪವಾಡ. “ಎರಡು ಅದಾವ ಒಳಗ. ಇಷ್ಟು ವರ್ಷದ್ದು ಬಡ್ಡಿ ಸಮೇತ ಕೊಡಾಕತ್ತಾನ ದೇವರು” ಎಂದು ಓಣಿಗೆಲ್ಲ ಹೇಳಿಬಂದರು. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಟೀಚರ್ ಯಜಮಾನರು, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ ಮಿತಭಾಷಿ ಮನುಷ್ಯ, ಈಗ ವಾರದ ನಡುವೆಯೂ ಬಂದು ಹೆಂಡತಿಯನ್ನು ದೂರದಿಂದ ನೋಡಿ ಹೋಗುತ್ತಿದ್ದರು.

ಟೀಚರ್ ಓಣಿಯ ಬಸುರಿಯರನ್ನೆಲ್ಲ ಕರೆದೊಯ್ಯುತ್ತಿದ್ದದ್ದು ಲಿಂಗಸುಗೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ. ತಾವೂ ಅಲ್ಲಿಗೇ ಹೋದರು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಸಿಂಧನೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿ ರಿಪೋರ್ಟ್ ತನ್ನಿ ಎಂದರು. ಜೊತೆಗೆ ಹೋದವಳು ನಾನು.

ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೆ, ಎಲ್ಲ ಕಡೆ ಇರುವ ಹಾಗೆ, ಇಲ್ಲಿ ಗಂಡು ಹೆಣ್ಣು ಹೇಳುವುದಿಲ್ಲ ಎಂಬ ದೊಡ್ಡ ಫಲಕವಿತ್ತು. ಆ ಫಲಕದ ಕೆಳಗೆ ಕೂತ ಹೆಂಗಸರು ಒಳಗಿನಿಂದ ಬರುವ ಪ್ರತಿಯೊಂದು ಮಾತಿನಲ್ಲೂ ಗುಟ್ಟು ಹುಡುಕುತ್ತಾರೆ. ಹೇಳಬಾರದ್ದನ್ನು ಯಾರೋ ಹೂವಿನ ಹೆಸರಿನಲ್ಲಿ ಹೇಳುತ್ತಾರಂತೆ, ಯಾರೋ ಸಿಹಿಯ ಹೆಸರಿನಲ್ಲಿ ಹೇಳುತ್ತಾರಂತೆ. ಎಲ್ಲ ಕೇಳಿದ ಮಾತು. ಆದರೂ ಎಲ್ಲರ ಕಿವಿಯೂ ಆ ಬಾಗಿಲ ಕಡೆಗೇ. ನನ್ನ ಕಿವಿಯೂ ಬೇರೆಯಾಗಿರಲಿಲ್ಲ.

ಪರದೆಯ ಸಂದಿಯಿಂದ ನನಗೆ ಒಳಗಿನ ಮಿಷನ್ನಿನ ತೆರೆ ಕಾಣುತ್ತಿತ್ತು. ಅದರಲ್ಲಿ ಕೂಸಿನ ಆಕಾರ ಇರಲಿಲ್ಲ. ರೈಸ್ ಮಿಲ್ಲಿನ ಬೆಳಕಿಂಡಿಯಲ್ಲಿ ದೂಳು ಸುಳಿಯುವ ಹಾಗೆ ಬಿಳಿ ಚುಕ್ಕೆಗಳು ತುಂಬಿಕೊಂಡಿದ್ದವು. ಮಿಷನ್ ಇನ್ನೂ ಹೊಂದಿಕೊಂಡಿಲ್ಲ ಎಂದುಕೊಂಡೆ. ಸ್ಕ್ಯಾನಿಂಗ್ ಡಾಕ್ಟರು ಅಳತೆ ತೆಗೆಯುತ್ತಿದ್ದರು. ಪಕ್ಕದಲ್ಲಿದ್ದ ಹಿರಿಯ ನರ್ಸು, ಕ್ಯಾಂಪಿನ ಕಡೆಯ ತೆಲುಗು ಹೆಂಗಸು, ತೆರೆಯನ್ನು ನೋಡಿ ತನ್ನಷ್ಟಕ್ಕೆ, “ಅಯ್ಯೋ, ಮುತ್ಯಾಲ ಗರ್ಭಂ” ಎಂದಳು.

ಮುತ್ತಿನ ಗರ್ಭ. ಅಷ್ಟು ತೆಲುಗು ನಮಗೆಲ್ಲ ಬರುತ್ತದೆ. ‘ಅಯ್ಯೋ’ ಎಂಬುದನ್ನು ನಾನು ಮಮತೆ ಎಂದು ತಿಳಿದೆ.

ಡಾಕ್ಟರು ರಿಪೋರ್ಟ್ ಕೊಡುವಾಗ, “ನಿಮ್ಮ ಡಾಕ್ಟರಿಗೆ ಲಗೂನ ತೋರಿಸ್ರಿ” ಎಂದರು. ಹಿಂದೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಹೊರಗೆ ಬಂದೊಡನೆ ಟೀಚರ್ ನನ್ನ ರಟ್ಟೆ ಹಿಡಿದುಕೊಂಡರು.

“ನರ್ಸಮ್ಮ ಮುತ್ತು ಅಂದ್ಳಲ್ಲ, ಕೇಳಿದೇನು?”

“ಕೇಳಿದೆ.”

“ಮುತ್ತು ಅಂದ್ರ ಹೆಣ್ಣು ಇರಬೇಕಬೇ. ಗಂಡಿಗೆ ಯಾರ್ ಮುತ್ತು ಅಂತಾರ.” ಅವರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮತ್ತೆ ವಾಂತಿಯೇನೋ ಎಂದು ನಾನು ನೀರಿನ ಬಾಟಲಿ ತೆಗೆದೆ. ಅವರು ಅಳುತ್ತಿದ್ದರು.

ಮಸ್ಕಿಯ ಬಸ್ಸಿನಲ್ಲಿ ರಿಪೋರ್ಟ್ ನನ್ನ ಕೈಯಲ್ಲಿತ್ತು. ನಾನು ಪ್ರಾಣಿಶಾಸ್ತ್ರ ಓದಿದವಳು. ಭ್ರೂಣದ ಬೆಳವಣಿಗೆ ಎಂದು ಒಂದಿಡೀ ಪತ್ರಿಕೆ ಬರೆದವಳು. ಕಪ್ಪೆಯ ಮೊಟ್ಟೆ ಎರಡಾಗುವುದು, ನಾಲ್ಕಾಗುವುದು, ಕೋಳಿಯ ಭ್ರೂಣದಲ್ಲಿ ಎಷ್ಟನೇ ಗಂಟೆಗೆ ಹೃದಯ ಬಡಿಯುವುದು, ಎಲ್ಲ ಬಾಯಿಪಾಠ. ಮನುಷ್ಯರದು ಕೊನೆಯ ಪಾಠವಾಗಿತ್ತು. ಅದು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆವು. ರಿಪೋರ್ಟಿನ ಕೊನೆಯ ಸಾಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ‘ಎಚ್. ಮೋಲ್’ ಎಂದಿತ್ತು. ಮೊಬೈಲಿನಲ್ಲಿ ಹುಡುಕಲಿಲ್ಲವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಹುಡುಕಿದೆ. ‘ಎಚ್’ ಬಿಟ್ಟು ಮೋಲ್ ಎಂದಷ್ಟೇ ಹೊಡೆದೆ. ಮೈಮೇಲಿನ ಮಚ್ಚೆಯ ಚಿತ್ರಗಳು ಬಂದವು. ದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ನಾನು ಮೊಬೈಲನ್ನು ಚೀಲಕ್ಕೆ ಹಾಕಿದೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತಿದ್ದರು. “ಏನ್ ಬರದಾರ ಓದಬೇ” ಎಂದರು. ಗೊತ್ತಾಗುತ್ತಿಲ್ಲ ಎಂದು ಹೇಳುವುದಕ್ಕೆ ನನಗೆ ನಾಚಿಕೆಯಾಯಿತು. ಊರಿಗೇ ‘ಬಿ.ಎಸ್ಸಿ’ ಎನಿಸಿಕೊಂಡವಳು ನಾನು.

“ಮಚ್ಚಿ ಅಂತ ಏನೋ ಬರದಾರ” ಎಂದೆ.

“ಕೂಸಿಗೆ ಮಚ್ಚಿ ಐತೇನು? ಹೊಟ್ಟ್ಯಾಗ ಇದ್ದಾಗನ ಕಾಣಸ್ತೈತಾ? ಏನ್ ಮಿಷನ್ ಬಂದಾವ ನೋಡು. ಮಚ್ಚಿ ಇದ್ದ ಹೆಣ್ಣು ಮನಿ ಬೆಳಗ್ತಾಳ.”

ಮರುದಿನ ಲಿಂಗಸುಗೂರಿಗೆ ಫೋನ್ ಮಾಡಿದೆವು. ಡಾಕ್ಟರಮ್ಮ ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋಗಿದ್ದರು, ಬರುವುದು ಹತ್ತು ದಿನದ ಮೇಲೆ. ಕಂಪೌಂಡರ್, “ಅರ್ಜೆಂಟ್ ಐತೇನ್ರಿ? ಇದ್ರ ಬ್ಯಾರೆ ಕಡಿ ತೋರಿಸ್ರಿ” ಎಂದ. ಟೀಚರ್ ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದರು: “ಅರ್ಜೆಂಟ್ ಐತೇನಬೇ?”

“ಇಲ್ಲ ಅನ್ನಿಸ್ತೈತ್ರಿ” ಎಂದೆ.

ಈ ನಾಲ್ಕು ಮಾತುಗಳ ಸುತ್ತ ನಾನು ಇವತ್ತಿಗೂ ಸುತ್ತುತ್ತಿದ್ದೇನೆ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ಅವರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗುತ್ತಾರೆ. ಪ್ರತಿ ಸಲವೂ ನಾನು ಬೇರೆ ಉತ್ತರ ಕೊಡಲು ಬಾಯಿ ತೆರೆಯುತ್ತೇನೆ.

ಆಮೇಲಿನ ದಿನಗಳಷ್ಟು ಸಂತೋಷ ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. ವಾಂತಿಯ ನಡುವೆಯೇ ನಗುತ್ತಿದ್ದರು. ಓಣಿಯ ಬಸುರಿಯರಿಗೆಲ್ಲ ತಾಯಿ ಕಾರ್ಡು ತುಂಬಿ ಕೊಟ್ಟವರು, ತಮ್ಮ ಕಾರ್ಡನ್ನು ನನ್ನ ಮುಂದೆ ಇಟ್ಟು, “ನಂದ ನಾನ ಬರಕೊಂಡ್ರ ಚಂದ ಕಾಣಂಗಿಲ್ಲ. ನೀ ಬರಿ, ದುಂಡಗ ಬರಿ” ಎಂದರು. ಕುಬುಸದಲ್ಲಿ ಸೊಸೆಯ ಕೈ ಹಿಂದಕ್ಕೆಳೆದಿದ್ದ ಆ ಅತ್ತೆ ಮಾವಿನಕಾಯಿ ಉಪ್ಪಿನಕಾಯಿ ತಂದುಕೊಟ್ಟು ಹೋದಳು. “ಬಂದಾಳ ನೋಡು ಈಗ” ಎಂದು ನಾನು ಗೊಣಗಿದರೆ, “ಖಾರ ಭೇಷ್ ಹಾಕ್ಯಾಳ, ತಿನ್ನು” ಎಂದರು. ನಡುವೆ ಎರಡು ಸಲ ಸ್ವಲ್ಪ ಕಂದು ಬಣ್ಣದ ಕಲೆ ಕಂಡಿತ್ತಂತೆ. ಬೇರೆಯವರು ಯಾರಾದರೂ ಅದನ್ನು ಹೇಳಿದ್ದರೆ ತಲೆಗೆ ಹೊಡೆದು ಗಾಡಿ ಹತ್ತಿಸುತ್ತಿದ್ದ ಹೆಂಗಸು, ತಮ್ಮದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಹೆದರಿದ್ದರೆಂದು ಆಮೇಲೆ ಅಂದರು.

ಸ್ಕ್ಯಾನಿಂಗ್ ಆದ ಒಂಬತ್ತನೆಯ ದಿನ, ಅಂಗನವಾಡಿಯಲ್ಲಿ ಮಕ್ಕಳು ಊಟಕ್ಕೆ ಕೂತಿದ್ದರು. ನಾನು ಒಂದು ಸುತ್ತೋಲೆ ಓದಲು ಬಂದಿದ್ದೆ. ಸಾರಿನ ಸೌಟು ಹಿಡಿದು ನಿಂತಿದ್ದ ಟೀಚರ್ ಒಮ್ಮೆಲೇ ಅಲುಗದೆ ನಿಂತರು.

“ಬಿ.ಎಸ್ಸಿ, ಹುಡುಗ್ರನ್ನ ಹೊರಗ ಕರಕೊಂಡ್ ಹೋಗು.”

“ಉಂಡಿಲ್ಲರಿ ಇನ್ನೂ.”

“ತಾಟು ಸಮೇತ ಕರಕೊಂಡ್ ಹೋಗು. ಹಿಂದ ನೋಡಬ್ಯಾಡ್ರಿ ಅಂತ ಹೇಳು.”

ಆಗ ನಾನು ಅವರ ಕಾಲಬುಡದ ಚಾಪೆ ನೋಡಿದೆ.

ಮಕ್ಕಳನ್ನು ಪಕ್ಕದ ಮನೆಯ ಕಟ್ಟೆಗೆ ಕಳಿಸಿ, ಅತ್ತೆಯನ್ನು ಕೂಗಿ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಮುದಗಲ್ ಕಡೆ ಬೇರೆ ಹೆರಿಗೆಗೆ ಹೋಗಿತ್ತು. ಮೂಲೆಯ ಆಟೋ ಬಂತು. ಅವರನ್ನು ಮಲಗಿಸಿ ನಾವಿಬ್ಬರೂ ಹತ್ತಿದ ಮೇಲೆ ಆಟೋದವನು ತಿರುಗಿ ಕೇಳಿದ, “ಯಾಕಡಿ ಹೊಡೀಲ್ರಿ? ಲಿಂಗಸುಗೂರೋ, ಸಿಂಧನೂರೋ?”

ಮಸ್ಕಿ ನಡುವೆ ಇದೆ. ಎರಡೂ ಊರು ಹೆಚ್ಚು ಕಡಿಮೆ ಅಷ್ಟಷ್ಟೇ ದೂರ. ಲಿಂಗಸುಗೂರಿನ ದಾರಿ ಖಾಲಿ, ಆದರೆ ನಮ್ಮ ಡಾಕ್ಟರಮ್ಮ ಇಲ್ಲ. ಸಿಂಧನೂರಿನಲ್ಲಿ ರಕ್ತ ಸಿಗಬಹುದು, ಆದರೆ ಸುಗ್ಗಿಯ ಕಾಲ, ದಾರಿ ತುಂಬ ಭತ್ತದ ಟ್ರ್ಯಾಕ್ಟರುಗಳು. ಅತ್ತೆ ನನ್ನ ಮುಖ ನೋಡಿದರು. ಆಟೋದವನು ನನ್ನ ಮುಖ ನೋಡಿದ. ಯಾಕೆ ಎಲ್ಲರೂ ನನ್ನ ಮುಖವನ್ನೇ ನೋಡಿದರು?

“ಸಿಂಧನೂರು” ಎಂದೆ.

ಟ್ರ್ಯಾಕ್ಟರುಗಳು ಇದ್ದವು. ಒಂದರ ಹಿಂದೆ ಒಂದು, ಹಾಡು ಹಚ್ಚಿಕೊಂಡು, ಹಾರ್ನ್ ಕೇಳಿಸದೆ. ಟೀಚರ್ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಬೂದಿಬಣ್ಣವಾಗಿತ್ತು. “ಎಷ್ಟೊತ್ತಿಗೆ ಸುರು ಆತು?” ಎಂದು ಕೇಳಿದರು. ನನಗೆ ತಿಳಿಯದು ಎಂದೆ. “ಹನ್ನೆರಡೂವರಿ. ಬರಕೋ, ಡಾಕ್ಟರ್ ಮೊದಲು ಅದನ್ನ ಕೇಳ್ತಾರ” ಎಂದು ಎಡಗೈ ಮುಂದೆ ಮಾಡಿದರು. ಅವರ ಕುಪ್ಪಸಕ್ಕೆ ಸಿಕ್ಕಿಸಿದ್ದ ಪೆನ್ನು ತೆಗೆದು ಬರೆಯಲು ನೋಡಿದೆ. ಕೈ ತಣ್ಣಗೆ ಬೆವೆತಿತ್ತು, ಪೆನ್ನು ಜಾರುತ್ತಿತ್ತು, ಶಾಯಿ ಹಿಡಿಯಲಿಲ್ಲ. “ಬರದೇನು?” ಎಂದರು. ಬರೆದೆ ಎಂದು ಸುಳ್ಳು ಹೇಳಿದೆ.

ರಕ್ತದ ಜೊತೆ ಹೊರಬಂದದ್ದನ್ನು ನಾನು ನೋಡಿದ್ದು ಆಗಲೇ. ಸಣ್ಣ ಸಣ್ಣ ಗುಳ್ಳೆಗಳು, ಒಳಗೆ ನೀರು ತುಂಬಿದವು, ನೆನೆಸಿಟ್ಟ ಸಾಬೂದಾಣಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಹೊಳೆಯುವವು. ಅತ್ತೆಯೂ ನೋಡಿದರು. ಆ ನರ್ಸು ಯಾವುದನ್ನು ಮುತ್ತು ಎಂದಿದ್ದಳೆಂದು ನಮಗಿಬ್ಬರಿಗೂ ಒಟ್ಟಿಗೆ ತಿಳಿಯಿತು. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ.

ದವಾಖಾನೆಯಲ್ಲಿ ಟೀಚರನ್ನು ಒಳಗೆ ಒಯ್ದ ಮೇಲೆ ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಹಿರಿಯಳಿರಬಹುದಾದ ಲೇಡಿ ಡಾಕ್ಟರು ಹಳೆಯ ರಿಪೋರ್ಟ್ ಕೇಳಿದರು. ಕೊನೆಯ ಸಾಲಿಗೆ ಕಣ್ಣು ಹೋದದ್ದೇ, “ಇದು ಒಂಬತ್ತು ದಿನದ ಹಿಂದಿನದು. ಯಾರೂ ಓದಲಿಲ್ಲವಾ ಇದನ್ನ?” ಎಂದರು.

“ಇಕಿ ಓದ್ಯಾಳ್ರಿ” ಎಂದು ಅತ್ತೆ ನನ್ನ ಕಡೆ ಕೈ ತೋರಿಸಿದರು. “ಬಿ.ಎಸ್ಸಿ ಆಗ್ಯಾಳ.”

ಅದರಲ್ಲಿ ಚುಚ್ಚುವಿಕೆ ಇರಲಿಲ್ಲ. ಓದಿದವಳೊಬ್ಬಳು ಜೊತೆಗಿದ್ದಾಳೆ, ಅವಳೊಡನೆ ಮಾತಾಡಿ ಎಂದು ಆ ಮುದುಕಿ ಭರವಸೆಯಿಂದ ಹೇಳಿದ್ದು ಅದು.

ಸಂಜೆಯ ಹೊತ್ತಿಗೆ ಎಲ್ಲ ತೆಗೆದು, ನಾಲ್ಕು ಬಾಟಲಿ ರಕ್ತ ಕೊಟ್ಟರು. ಅವರು ಉಳಿದರು. ಎರಡು ದಿನದ ಮೇಲೆ ಡಾಕ್ಟರು ನನ್ನನ್ನು ಕರೆದು ಒಂದು ಚೀಟಿಯ ಹಿಂದೆ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು. ತಾಯಿಯ ಅಂಡದಿಂದ ಇಪ್ಪತ್ತಮೂರು ವರ್ಣತಂತುಗಳು, ತಂದೆಯ ವೀರ್ಯಾಣುವಿನಿಂದ ಇಪ್ಪತ್ತಮೂರು, ಕೂಡಿ ನಲವತ್ತಾರು. ಅದರಿಂದ ಒಂದು ಕೋಶ, ಎರಡು, ನಾಲ್ಕು. ಕೆಲವು ದಿನಕ್ಕೆ ಅದೊಂದು ಪೊಳ್ಳು ಚೆಂಡು. ಚೆಂಡಿನ ಒಳಗೆ ಅಂಟಿಕೊಂಡ ಸಣ್ಣ ಗುಂಪು ಕೂಸಾಗುತ್ತದೆ, ಹೊರಗಿನ ಪದರ ಕಸವಾಗುತ್ತದೆ, ಅಂದರೆ ಕೂಸಿಗೆ ಅನ್ನ ಒದಗಿಸುವ ಮಾಸು. ಇಲ್ಲಿ ಆದದ್ದೇ ಬೇರೆ. ಅಂಡದಲ್ಲಿ ತಾಯಿಯ ವರ್ಣತಂತುಗಳೇ ಇರಲಿಲ್ಲ. ಒಳಹೊಕ್ಕ ವೀರ್ಯಾಣು ತನ್ನ ಇಪ್ಪತ್ತಮೂರನ್ನೇ ಎರಡು ಮಾಡಿಕೊಂಡಿತು. ಎಣಿಸಿದರೆ ನಲವತ್ತಾರೇ. ಆದರೆ ಎಲ್ಲವೂ ತಂದೆಯವು. ಹಾಗಾದಾಗ ಹೊರಪದರ ಮಾತ್ರ ಹುಚ್ಚೆದ್ದು ಬೆಳೆಯುತ್ತದೆ, ಗುಳ್ಳೆಗಟ್ಟುತ್ತದೆ. ಕೂಸು ಇರುವುದೇ ಇಲ್ಲ. ಮೊದಲ ದಿನದಿಂದಲೂ ಇರಲಿಲ್ಲ. ರಿಪೋರ್ಟಿನ ‘ಎಚ್. ಮೋಲ್’ ಎಂದರೆ ಇದೇ, ಮಚ್ಚೆಯಲ್ಲ.

“ಒಂಬತ್ತು ದಿನ ಮೊದಲೇ ಬಂದಿದ್ದರೆ?” ಎಂದೆ.

“ಕೂಸಂತೂ ಇರ್ತಿರಲಿಲ್ಲ” ಎಂದರು. ಆಮೇಲೆ, “ಇಷ್ಟು ರಕ್ತ ಹೋಗ್ತಿರಲಿಲ್ಲ” ಎಂದರು.

ಟೀಚರಿಗೆ ಇದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ಅವರಿಗೆ ಓದಿ ಹೇಳುತ್ತಿದ್ದವಳು ನಾನೇ ತಾನೆ. ಅವರು ದಿಂಬಿಗೆ ಒರಗಿ, ಪಾಠ ಕೇಳುವವರಂತೆ ಗಮನವಿಟ್ಟು ಕೇಳಿದರು. ಬರಹ ತೊಳೆದುಹೋದ ಎಡಗೈ ಚಾದರದ ಮೇಲಿತ್ತು. ಅದನ್ನು ಬರಿದಾಗಿ ನಾನು ಮೊದಲ ಸಲ ನೋಡಿದ್ದು ಆಗಲೇ.

“ಮೊದಲಿನ ಮೂರೂ ಹಿಂಗ ಆಗಿದ್ವೇನು?”

“ಇದೇ ಅಲ್ಲ. ಆದ್ರ ಸುರುವಿನ್ಯಾಗ ಹೋಗೋವು ಬಹಳಷ್ಟು ಈ ವರ್ಣತಂತುಗಳ ಎಣಿಕಿ ತಪ್ಪಿ ಹೋಗ್ತಾವಂತ್ರಿ. ಒಂದು ಹೆಚ್ಚೋ, ಒಂದು ಕಡಿಮಿಯೋ. ಯಾರೂ ಏನೂ ಮಾಡಾಕ ಬರಂಗ ಇರಂಗಿಲ್ಲಂತ.”

“ಹಂಗಾರ ನಾ ಕೊಡ ಹೊತ್ತದ್ದಕ್ಕ ಅಲ್ಲ” ಎಂದರು. ಮೊದಲನೆಯದು ತುಂಬಿದ ಕೊಡ ಹೊತ್ತದ್ದಕ್ಕೆ, ಎರಡನೆಯದು ತವರಿಗೆ ಬಸ್ಸಿನಲ್ಲಿ ಹೋದದ್ದಕ್ಕೆ, ಮೂರನೆಯದು ಪರಂಗಿಹಣ್ಣು ತಿಂದದ್ದಕ್ಕೆ ಎಂದು ಇಪ್ಪತ್ತು ವರ್ಷ ಅವರು ತಮ್ಮ ಮೇಲೆ ಹೊರಿಸಿಕೊಂಡಿದ್ದರು. ಒಂದು ಕ್ಷಣ ಅವರ ಮುಖ ಹಗುರಾದದ್ದನ್ನು ಕಂಡೆ. ಆಮೇಲೆ ಅದು ಮತ್ತೆ ಬಿಗಿಯಿತು.

“ಈಗಿಂದರಾಗ ಎಲ್ಲಾ ಅವರವಾ? ಅಪ್ಪಂದಾ?”

“ಹೌದ್ರಿ.”

“ನನ್ನ ಹೊಟ್ಟ್ಯಾಗ ಬೆಳೀತು. ಅದರಾಗ ನಂದೇನೂ ಇದ್ದಿಲ್ಲೇನಬೇ?”

ನಾನು ಓದಿದವಳು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆ.

“ಇಲ್ರಿ ಟೀಚರ್” ಎಂದೆ.

ಅವರು ಗೋಡೆಯ ಕಡೆ ತಿರುಗಿದರು.

ಅಂಥ ಗರ್ಭ ತೆಗೆದ ಮೇಲೆ ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸಬೇಕು. ಬಸಿರಿನ ಅಂಶ ರಕ್ತದಲ್ಲಿ ಇಳಿಯುತ್ತಾ ಹೋಗಿ ಇಲ್ಲವಾಗಬೇಕು. ಮತ್ತೆ ಏರಿದರೆ, ಒಳಗೆ ಉಳಿದ ಚೂರು ಕ್ಯಾನ್ಸರಾಗಿ ಬೆಳೆಯುತ್ತಿದೆ ಎಂದು ಅರ್ಥ. ಆಗಲೂ ತಕ್ಷಣ ಹಿಡಿದರೆ ಔಷಧಿಗೆ ಬಗ್ಗುತ್ತದೆ. ಡಾಕ್ಟರು ಇದನ್ನು ಮೂರು ಸಲ ಹೇಳಿ ಕಳಿಸಿದರು. ನಾಲ್ಕು ವಾರ ನಾನೇ ಕರೆದುಕೊಂಡು ಹೋದೆ. ಇಳಿಯುತ್ತಿತ್ತು. ಅಷ್ಟರಲ್ಲಿ ನನಗೆ ಲಿಂಗಸುಗೂರಿನಲ್ಲಿ ಬಿ.ಎಡ್‌ಗೆ ಸೀಟು ಸಿಕ್ಕಿತು. “ನೀ ಹೋಗು, ಫಿಕರ್ ಮಾಡಬ್ಯಾಡ. ಊರ ಮಂದೀನೆಲ್ಲ ದವಾಖಾನಿಗೆ ಕರಕೊಂಡ್ ಹೋದಾಕಿ, ನಾ ಒಬ್ಬಾಕಿ ಹೋಗಲೇನು?” ಎಂದರು. ಫೋನಿನಲ್ಲಿ ಕೇಳಿದಾಗಲೆಲ್ಲ, “ಮಾಡಿಸೀನಿ, ಎಲ್ಲಾ ಬರೋಬರಿ ಐತಿ” ಎನ್ನುತ್ತಿದ್ದರು.

ನಾನು ಹೋದ ಮೇಲೆ ಒಮ್ಮೆಯೂ ಮಾಡಿಸಿರಲಿಲ್ಲ. ಕೆಮ್ಮು ಹಿಡಿದು, ಕಫದಲ್ಲಿ ರಕ್ತ ಬಿದ್ದು, ನಾನು ಓಡಿಬಂದಾಗ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

“ಆ ಬೆಂಚಿನ ಮ್ಯಾಲ ಎಲ್ಲಾರೂ ಬಸರ್ಯಾರು ಕುಂತಿರ್ತಾರ” ಎಂದರು. “ಬಾಜೂಕ ಕುಂತಾಕಿ ಪ್ರತಿ ಸಲ ಕೇಳ್ತಾಳ, ನಿಮಗ ಎಷ್ಟು ತಿಂಗಳ್ರಿ ಅಂತ. ಏನಂತ ಹೇಳಲಿ?”

ಸೂಜಿ ತಪ್ಪಿಸಿದವರ ಮನೆ ಬಾಗಿಲಿಗೆ ಹೋಗಿ ಜಗಳವಾಡುತ್ತಿದ್ದ ಹೆಂಗಸನ್ನು ಬಾಗಿಲಿಗೆ ಬಂದು ಕೇಳುವವರು ಯಾರೂ ಇರಲಿಲ್ಲ. ಇರಬೇಕಾಗಿದ್ದವಳು ನಾನು. ಆ ಹೊತ್ತಿಗೆ ಕ್ಯಾನ್ಸರ್ ಪುಪ್ಪುಸಕ್ಕೂ ಅಲ್ಲಿಂದ ಮಿದುಳಿಗೂ ಹೋಗಿತ್ತು. ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಔಷಧಿ ಸುರುವಾಗಿ ಹನ್ನೊಂದನೆಯ ದಿನ ಅವರು ಹೋದರು. ಕೊನೆಯ ಎರಡು ದಿನ ಮಾತಿರಲಿಲ್ಲ. ಅದಕ್ಕೆ ಮೊದಲು ಅತ್ತೆಯ ಹತ್ತಿರ, ಯಾವುದೋ ಬಸುರಿಯ ಎರಡನೆಯ ಸೂಜಿಯ ದಿನ ಬಂದಿದೆ, ಹೇಳಿ ಕಳಿಸಿರಿ ಎಂದಿದ್ದರಂತೆ.

ಈಗ ನಾನು ಲಿಂಗಸುಗೂರಿನಲ್ಲಿ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠಕ್ಕೆ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಕೋಶಕ್ಕೆ ಬೇಕಾದ ಶಕ್ತಿಯನ್ನು ತಯಾರಿಸುವ ಮೈಟೊಕಾಂಡ್ರಿಯಗಳು ನಮಗೆ ತಾಯಿಯಿಂದಲೇ ಬರುತ್ತವೆ, ಅಂಡದಿಂದ. ಅವಕ್ಕೆ ತಮ್ಮದೇ ಆದ ಚೂರು ವಂಶವಾಹಿಯೂ ಇರುತ್ತದೆ. ಬಿ.ಎಸ್ಸಿಯಲ್ಲಿ ಇದೂ ನನಗೆ ಬಾಯಿಪಾಠವಾಗಿತ್ತು. ನಾನು ಪುಸ್ತಕ ಮಡಚಿದೆ. ಅಂಡದಲ್ಲಿ ವರ್ಣತಂತುಗಳು ಇರಲಿಲ್ಲ, ನಿಜ. ಆದರೆ ಅಂಡ ಇತ್ತು. ಆ ಗುಳ್ಳೆಗಳೆಲ್ಲ ಹುಚ್ಚೆದ್ದು ಬೆಳೆದದ್ದು, ಪುಪ್ಪುಸದವರೆಗೆ ಹೋದದ್ದು, ಅವರು ಕೊಟ್ಟ ಆ ಕಸುವಿನಿಂದಲೇ.

ಅದರಲ್ಲಿ ಅವರದೂ ಇತ್ತು. ಇದನ್ನು ಕೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ, ಎದೆ ಒಡೆಯುತ್ತಿತ್ತೋ ನನಗೆ ಗೊತ್ತಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಅವರು. ನಾನು ಇಲ್ಲ ಎಂದುಬಿಟ್ಟೆ, ಅವರು ಅದನ್ನೇ ನಂಬಿಕೊಂಡು ಗೋಡೆಯ ಕಡೆ ತಿರುಗಿದರು.